ಹನ್ನೆರಡು ಇಪ್ಪತ್ತೆಂಟರ ಮೋಡ

ಹನ್ನೊಂದು ವರ್ಷ ನಾನು ಮಕ್ಕಳಿಗೆ ಒಂದು ತಪ್ಪನ್ನು ಪ್ರಯೋಗ ಮಾಡಿ ತೋರಿಸಿಯೇ ಕಲಿಸಿದೆ. ಬರಿಯ ಬಾಯಿಮಾತಿನ ತಪ್ಪಾಗಿದ್ದರೆ ಪರೀಕ್ಷೆ ಮುಗಿದ ಮಾರನೆಯ ದಿನ ಮರೆತುಹೋಗುತ್ತಿತ್ತು. ಕಣ್ಣಾರೆ ತೋರಿಸಿದ್ದರಿಂದ ಗಟ್ಟಿಯಾಗಿ ಕುಳಿತುಬಿಟ್ಟಿದೆ. ಆ ಮಕ್ಕಳಲ್ಲಿ ಕೆಲವರು ಈಗ ತಾಯಂದಿರು. ಸಂತೆಯಲ್ಲಿ ಸಿಕ್ಕರೆ "ಮಿಸ್, ಆ ಮೇಣದಬತ್ತಿ ಪ್ರಯೋಗ ಇನ್ನೂ ನೆನಪಿದೆ" ಎನ್ನುತ್ತಾರೆ. ನಾನು ಸೊಪ್ಪಿನ ಕಟ್ಟಿನ ಬೆಲೆ ಕೇಳುವ ನೆವದಲ್ಲಿ ಮುಖ ತಿರುಗಿಸುತ್ತೇನೆ.

ಪ್ರಯೋಗ ನಿಮಗೂ ಗೊತ್ತಿರುತ್ತದೆ. ತಟ್ಟೆಯ ನಡುವೆ ಮೇಣದಬತ್ತಿ ನಿಲ್ಲಿಸಿ, ಸುತ್ತ ಒಂದಿಷ್ಟು ಬಣ್ಣದ ನೀರು ಸುರಿದು, ಬತ್ತಿ ಹೊತ್ತಿಸಿ, ಮೇಲೊಂದು ಗಾಜಿನ ಲೋಟವನ್ನು ಬೋರಲು ಹಾಕುವುದು. ಸ್ವಲ್ಪ ಹೊತ್ತಿಗೆ ದೀಪ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. "ಗಾಳಿಯಲ್ಲಿ ಐದರಲ್ಲಿ ಒಂದು ಪಾಲು ಆಮ್ಲಜನಕ. ಅದು ಉರಿದು ಮುಗಿಯಿತು, ಆ ಜಾಗಕ್ಕೆ ನೀರು ಬಂತು." ನನ್ನ ಮೇಷ್ಟರು ನನಗೆ ಹೀಗೆ ಹೇಳಿದ್ದರು, ನಾನು ಮಕ್ಕಳಿಗೆ ಹೀಗೇ ಹೇಳುತ್ತಿದ್ದೆ. ಲೋಟಕ್ಕೆ ಕಾಗದದ ಪಟ್ಟಿ ಅಂಟಿಸಿ ಐದು ಸಮಭಾಗ ಮಾಡಿ ಗೆರೆಯನ್ನೂ ಎಳೆಯುತ್ತಿದ್ದೆ. ನೀರು ಗೆರೆಯ ಹತ್ತಿರ ನಿಂತರೆ ನನ್ನ ಮುಖ ಅರಳುತ್ತಿತ್ತು. ನಿಲ್ಲದಿದ್ದರೆ "ಸುಮಾರು" ಎಂಬ ಪದ ಸಹಾಯಕ್ಕೆ ಬರುತ್ತಿತ್ತು.

ಒಂದು ವರ್ಷ ಕಿಟಕಿಯ ಪಕ್ಕ ಮೂರನೆಯ ಬೆಂಚಿನಲ್ಲಿ ಕೂರುವ ಹುಡುಗಿಯೊಬ್ಬಳು ಎದ್ದು ನಿಂತಳು. "ಮಿಸ್, ದೀಪ ಉರಿಯುವಾಗ ನೀರು ಏರಲಿಲ್ಲ. ಆರಿದ ಮೇಲೆ ಏರಿತು. ಮೊದಲು ಲೋಟದ ಅಂಚಿನಿಂದ ಗುಳ್ಳೆ ಹೊರಗೆ ಬಂತು."

"ಪಾಠ ಮುಗಿಯಲಿ, ಕುಳಿತುಕೋ" ಎಂದೆ. ಸತ್ಯ ಹೇಳುವುದಾದರೆ ನಾನು ಅದನ್ನು ಎಂದೂ ಗಮನಿಸಿರಲಿಲ್ಲ. ಪ್ರಯೋಗ ನಡೆಯುವಾಗ ನಾನು ನೋಡುತ್ತಿದ್ದದ್ದು ಲೋಟವನ್ನಲ್ಲ, ಹಿಂದಿನ ಬೆಂಚಿನಲ್ಲಿ ಗಲಾಟೆ ಮಾಡುವವರನ್ನು.

ಆ ರಾತ್ರಿ ಪಾತ್ರೆ ತೊಳೆದು ಮುಗಿಸಿ ಅಡುಗೆಮನೆಯ ಕಟ್ಟೆಯ ಮೇಲೆ ಅದೇ ಪ್ರಯೋಗ ಮಾಡಿದೆ. ಹುಡುಗಿ ಹೇಳಿದ್ದೇ ಸರಿ. ಲೋಟ ಮುಚ್ಚುವಾಗ ಗುಳ್ಳೆಗಳು ಹೊರಬಂದವು. ದೀಪ ಉರಿಯುವಷ್ಟು ಹೊತ್ತು ನೀರು ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ದೀಪ ಆರಿತು ನೋಡಿ, ಆಗ ಯಾರೋ ಕೆಳಗಿನಿಂದ ತಳ್ಳಿದಂತೆ ಸರ್ರನೆ ಏರಿತು. ಆಮೇಲೆ ಒಂದರ ಬದಲು ಮೂರು ಬತ್ತಿಗಳನ್ನು ಒತ್ತಾಗಿ ನಿಲ್ಲಿಸಿ ಅದೇ ಲೋಟ ಮುಚ್ಚಿದೆ. ನೀರು ಮೊದಲಿಗಿಂತ ಬಹಳ ಮೇಲಕ್ಕೆ ಹೋಯಿತು. ಲೋಟ ಅದೇ, ಒಳಗಿನ ಗಾಳಿ ಅಷ್ಟೇ. ಆಮ್ಲಜನಕ ಖರ್ಚಾದದ್ದೇ ಕಾರಣವಾಗಿದ್ದರೆ ಬತ್ತಿ ಒಂದಾದರೇನು, ಮೂರಾದರೇನು?

ಕಾರಣ ಸರಳ. ಜ್ವಾಲೆಯ ಬಿಸಿಗೆ ಲೋಟದ ಗಾಳಿ ಹಿಗ್ಗುತ್ತದೆ, ಒಂದಷ್ಟು ಅಂಚಿನಿಂದ ಹೊರಗೆ ಹೋಗುತ್ತದೆ. ದೀಪ ಆರಿದ ಕೂಡಲೇ ಉಳಿದ ಗಾಳಿ ತಣಿದು ಕುಗ್ಗುತ್ತದೆ, ಹೊರಗಿನ ಒತ್ತಡ ನೀರನ್ನು ಒಳಗೆ ತಳ್ಳುತ್ತದೆ. ಬತ್ತಿ ಹೆಚ್ಚಾದಷ್ಟೂ ಬಿಸಿ ಹೆಚ್ಚು, ಹೊರಹೋಗುವ ಗಾಳಿಯೂ ಹೆಚ್ಚು. ಇನ್ನು ಆಮ್ಲಜನಕ ಖರ್ಚಾಗುವಾಗ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ, ಜಾಗವೇನೂ ಅಷ್ಟೊಂದು ಖಾಲಿಯಾಗುವುದಿಲ್ಲ. ಒಳಗಿನ ಆಮ್ಲಜನಕವೆಲ್ಲ ಮುಗಿಯುವವರೆಗೆ ಬತ್ತಿ ಉರಿಯುವುದೂ ಇಲ್ಲ, ಎಷ್ಟೋ ಮೊದಲೇ ಆರುತ್ತದೆ. ನೀರು ಐದನೆಯ ಒಂದು ಭಾಗದ ಹತ್ತಿರ ನಿಲ್ಲುತ್ತಿದ್ದದ್ದು ಬರಿಯ ಕಾಕತಾಳೀಯ.

ಮಾರನೆಯ ದಿನ ತರಗತಿಯಲ್ಲಿ ಒಪ್ಪಿಕೊಂಡೆ. ಅದೇನೂ ದೊಡ್ಡ ಸಂಗತಿಯಲ್ಲ, ಮಕ್ಕಳು ಬೇಗ ಕ್ಷಮಿಸುತ್ತಾರೆ. ನನ್ನ ನಿದ್ದೆ ಕೆಡಿಸಿದ್ದು ಬೇರೆ. ಆ ವಾರ ಪ್ರಯೋಗದ ಪುಸ್ತಕಗಳನ್ನು ತಿದ್ದಲು ಕುಳಿತಾಗ ಮೂವತ್ತನಾಲ್ಕು ಪುಸ್ತಕಗಳಲ್ಲೂ "ವೀಕ್ಷಣೆ" ಎಂಬ ಶೀರ್ಷಿಕೆಯ ಕೆಳಗೆ ಒಂದೇ ವಾಕ್ಯವಿತ್ತು: "ಮೇಣದಬತ್ತಿ ಉರಿಯುತ್ತಿದ್ದಂತೆ ನೀರಿನ ಮಟ್ಟ ನಿಧಾನವಾಗಿ ಏರಿತು." ಯಾರೂ ನೋಡದ ಸಂಗತಿಯನ್ನು ಎಲ್ಲರೂ ವೀಕ್ಷಣೆ ಎಂದು ಬರೆದಿದ್ದರು. ಕಿಟಕಿಯ ಪಕ್ಕದ ಹುಡುಗಿಯೂ ಬರೆದಿದ್ದಳು! ಕರೆದು ಕೇಳಿದೆ. "ಬೋರ್ಡಿನ ಮೇಲೆ ಹಾಗೆ ಇತ್ತಲ್ಲ ಮಿಸ್" ಎಂದಳು.

ವಿಜ್ಞಾನ ಪಾಠದ ಬಗ್ಗೆ ತರಬೇತಿಗಳಲ್ಲಿ ಬಹಳ ಕೇಳಿದ್ದೇನೆ. ಮಕ್ಕಳ ಕೇಂದ್ರಿತ, ಚಟುವಟಿಕೆ ಆಧಾರಿತ, ರಚನಾವಾದ. ಚಾರ್ಟು ಬರೆಸುತ್ತಾರೆ, ಗುಂಪು ಮಾಡಿಸುತ್ತಾರೆ, ಊಟ ಚೆನ್ನಾಗಿರುತ್ತದೆ. ಆದರೆ ನನ್ನ ಪಾಠದ ಕಾಯಿಲೆ ಏನೆಂದು ನನಗೆ ತೋರಿಸಿದ್ದು ಆ ಹುಡುಗಿಯ ಉತ್ತರ. ಕಂಡದ್ದಕ್ಕೂ ಬರೆಯಬೇಕಾದದ್ದಕ್ಕೂ ಸಂಬಂಧವಿಲ್ಲ ಎಂದು ನಾನೇ ಅವಳಿಗೆ ಕಲಿಸಿದ್ದೆ, ಅದೂ ಪ್ರಯೋಗದ ಮೂಲಕ.

ಆಗ ಶುರುವಾದದ್ದು ನಮ್ಮ ಊಹೆ ಪುಸ್ತಕ. ನಲವತ್ತು ಪುಟದ್ದು, ಅಂಗಡಿಯಲ್ಲಿ ಸಿಗುವ ಅತಿ ಅಗ್ಗದ್ದು. ಪ್ರತಿ ಪುಟಕ್ಕೆ ಮೂರು ಕಂಬ. ಏನಾಗಬಹುದು, ಏನಾಯಿತು, ಈಗ ಏನನಿಸುತ್ತದೆ. ಮೊದಲನೆಯದನ್ನು ನಾನು ಸಾಮಾನು ಮುಟ್ಟುವ ಮೊದಲೇ ಬರೆಯಬೇಕು, ಪೆನ್ನಿನಲ್ಲಿ ಬರೆಯಬೇಕು. ಊಹೆ ತಪ್ಪಾದರೆ ಅಂಕ ಹೋಗುವುದಿಲ್ಲ, ಅಳಿಸಿದರೆ ಹೋಗುತ್ತದೆ. ಮೊದಲ ಆರು ತಿಂಗಳು ಎಲ್ಲರೂ ಪಕ್ಕದವರ ಊಹೆಯನ್ನು ನೋಡಿ ಬರೆದರು. ಊಹೆಯನ್ನೂ ನಕಲು ಮಾಡುತ್ತಾರೆಂದರೆ ನಾವು ಅವರನ್ನು ಎಷ್ಟು ಹೆದರಿಸಿರಬೇಕು!

ಈ ಪುಸ್ತಕದಿಂದ ನನಗೆ ಮೊದಲು ತಿಳಿದದ್ದು ಮಕ್ಕಳ ತಪ್ಪುಗಳಲ್ಲ, ನಮ್ಮ ಪಾರಿಭಾಷಿಕ ಪದಗಳ ಪಾಡು. "ದ್ಯುತಿಸಂಶ್ಲೇಷಣೆ"ಯಂಥ ಪದಗಳ ಬಗ್ಗೆ ಎಲ್ಲರೂ ಗೊಣಗುತ್ತಾರೆ. ನನಗೆ ಅವುಗಳ ಭಯವಿಲ್ಲ. ನಾಲಗೆ ನಾಲ್ಕು ಸಲ ಎಡವಿ ಐದನೆಯ ಸಲ ಸರಿಯಾಗುತ್ತದೆ, ಮೇಲಾಗಿ ಆ ಪದಕ್ಕೆ ಮಕ್ಕಳ ಮನಸ್ಸಿನಲ್ಲಿ ಬೇರೆ ಅರ್ಥವಿಲ್ಲ. ಅಪಾಯ ಇರುವುದು ಸುಲಭದ ಪದಗಳಲ್ಲಿ. "ನಿನ್ನ ರಾಶಿ ಎಷ್ಟು?" ಎಂದು ಒಂಬತ್ತನೆಯ ತರಗತಿಯ ಹುಡುಗನನ್ನು ಕೇಳಿದರೆ "ಕನ್ಯಾ" ಎಂದ. ತಮಾಷೆಗೆ ಹೇಳಿದ್ದಲ್ಲ. ಪಕ್ಕದವನು ತಿದ್ದಿದ, "ಅದಲ್ಲವೋ, ರಾಗಿ ರಾಶಿ ಎಷ್ಟು ಮಾಡಿದಿರಿ ಅಂತ." ಇಬ್ಬರ ಲೋಕದಲ್ಲೂ ಆ ಪದಕ್ಕೆ ನೆಲೆಯಿದೆ, ಕಿಲೋಗ್ರಾಮಿನಲ್ಲಿ ಅಳೆಯುವ ನನ್ನ ರಾಶಿಗೆ ಮಾತ್ರ ಇಲ್ಲ. "ಶಕ್ತಿ ಎಂದರೇನು?" ಎಂದರೆ ಹೆಂಗಸರಿಗೆ ಬಸ್ಸಿನಲ್ಲಿ ಟಿಕೆಟ್ ಇಲ್ಲದಿರುವುದು ಎಂದು ಎಂಟನೆಯ ತರಗತಿಯಲ್ಲಿ ಉತ್ತರ ಬಂದಿದೆ. 2023ರಿಂದೀಚೆಗೆ ಅದು ತಪ್ಪೆನ್ನುವುದು ಹೇಗೆ?

ಎಲ್ಲಕ್ಕಿಂತ ಕಾಡಿದ್ದು "ಉಷ್ಣ". ಪುಸ್ತಕದಲ್ಲಿ ಉಷ್ಣ ಒಂದು ಶಕ್ತಿ, ತಾಪ ಅದರಿಂದ ಬೇರೆಯಾದ ಒಂದು ಅಳತೆ. ನಮ್ಮ ಊರಿನಲ್ಲಿ ಉಷ್ಣ ಎಂದರೆ ಪರಂಗಿ ಹಣ್ಣು, ಮೊಟ್ಟೆ, ಹುರುಳಿ ಸಾರು. ತಂಪು ಎಂದರೆ ಮಜ್ಜಿಗೆ, ಸೌತೆಕಾಯಿ. ಫ್ರಿಜ್ಜಿನಿಂದ ತೆಗೆದ ಪರಂಗಿ ಹಣ್ಣೂ ಉಷ್ಣವೇ, ಕುದಿಸಿದ ಮಜ್ಜಿಗೆಹುಳಿಯೂ ತಂಪೇ. ಇದನ್ನು ಮೂಢನಂಬಿಕೆ ಎಂದು ನಾನು ಗದರುವುದಿಲ್ಲ, ಮನೆಯಲ್ಲಿ ನಾನೂ ಹಾಗೆಯೇ ಮಾತಾಡುತ್ತೇನೆ. ಆದರೆ ಈ ಉಷ್ಣವನ್ನು ಹೊರಗೆ ಕರೆಯದೆ ಆ ಉಷ್ಣವನ್ನು ಕಲಿಸಲು ಹೋದರೆ ಎರಡೂ ಒಂದೇ ಕೋಣೆಯಲ್ಲಿ ಮುಖ ತಿರುಗಿಸಿಕೊಂಡು ಕುಳಿತಿರುತ್ತವೆ. ಪರೀಕ್ಷೆಗೆ ಒಂದು, ಬದುಕಿಗೆ ಒಂದು.

ಕಂಬಳಿ ತಂದದ್ದು ಅದಕ್ಕೆ. ನಮ್ಮ ಜಿಲ್ಲೆಯಲ್ಲಿ ಕಂಬಳಿಗೆ ಬರವಿಲ್ಲ, ಚಳ್ಳಕೆರೆಯ ಕಡೆಯ ಕರಿ ಕಂಬಳಿ ಅರ್ಧ ತರಗತಿಯ ಮನೆಗಳಲ್ಲಿ ಇದೆ. ಪ್ರಶ್ನೆ ಬೋರ್ಡಿನ ಮೇಲೆ ಬರೆದೆ: ಥರ್ಮಾಮೀಟರನ್ನು ಕಂಬಳಿಯಲ್ಲಿ ಸುತ್ತಿ ಅರ್ಧ ಗಂಟೆ ಇಟ್ಟರೆ ತಾಪ ಏನಾಗುತ್ತದೆ? ಮೂವತ್ತೊಂದು ಮಂದಿ ಏರುತ್ತದೆ ಎಂದು ಬರೆದರು. ಒಬ್ಬ "ನಲವತ್ತೈದು ಡಿಗ್ರಿ" ಎಂದು ಅಂಕಿಯನ್ನೇ ಕೊಟ್ಟ. ಬಿಚ್ಚಿ ನೋಡಿದರೆ ಕೋಣೆಯ ತಾಪವೇ ಇತ್ತು, ಇಪ್ಪತ್ತೊಂಬತ್ತು.

ನನ್ನ ಹಳೆಯ ಪಾಠದಲ್ಲಿ ಇಲ್ಲಿಗೆ "ಆದ್ದರಿಂದ" ಎಂದು ಬರೆದು ಮುಗಿಸುತ್ತಿದ್ದೆ. ಮಕ್ಕಳು ಒಪ್ಪಲಿಲ್ಲ. ಒಬ್ಬ ಕಂಬಳಿ ಹಳೆಯದು ಎಂದ. ಇನ್ನೊಬ್ಬಳು ಸರಿಯಾಗಿ ಸುತ್ತಿಲ್ಲ, ಗಾಳಿ ಹೋಗಿದೆ ಎಂದಳು. ಕುರಿ ಹಟ್ಟಿಯಿಂದ ಬರುವ ಹುಡುಗ, "ಅರ್ಧ ಗಂಟೆ ಸಾಲದು ಮಿಸ್, ನಾಳೆವರೆಗೆ ಬಿಡೋಣ" ಎಂದ. ಬಿಟ್ಟೆವು. ಎರಡು ಕಂಬಳಿ ಸುತ್ತಿ ಬಿಟ್ಟೆವು. ಮಾರನೆಯ ದಿನವೂ ಅಷ್ಟೇ. ಮೂರನೆಯ ದಿನ ನಾನು ಎರಡು ಐಸ್ ಕ್ಯಾಂಡಿ ತಂದು, ಒಂದನ್ನು ತಟ್ಟೆಯಲ್ಲಿ ಬಿಟ್ಟು ಇನ್ನೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಕಂಬಳಿಯಲ್ಲಿ ಸುತ್ತುತ್ತೇನೆ ಎಂದಾಗ ಇಡೀ ತರಗತಿ ಕಂಬಳಿಯೊಳಗಿನದ್ದು ಮೊದಲು ಕರಗುತ್ತದೆ ಎಂದು ಬರೆಯಿತು. ಹುಡುಗಿಯೊಬ್ಬಳ ಪೆನ್ನು ಮಾತ್ರ ಅರ್ಧಕ್ಕೆ ನಿಂತಿತು. "ಐಸ್ ಮಾರುವವನು ಡಬ್ಬಕ್ಕೆ ಗೋಣಿ ಸುತ್ತಿರುತ್ತಾನಲ್ಲ, ಅದು ಯಾಕೆ?" ಎಂದು ಯಾರನ್ನೂ ಉದ್ದೇಶಿಸದೆ ಕೇಳಿದಳು.

ತಟ್ಟೆಯಲ್ಲಿದ್ದದ್ದು ಬಣ್ಣದ ನೀರಾಯಿತು. ಕಂಬಳಿ ಬಿಚ್ಚಿದಾಗ ಒಳಗಿನದು ಇನ್ನೂ ಕಡ್ಡಿಯ ಮೇಲೆ ನಿಂತಿತ್ತು. ಕುರಿ ಹಟ್ಟಿಯ ಹುಡುಗ ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಕಂಬಳಿ ಬಿಸಿಯಲ್ಲ. ಬಿಸಿ ನಂದು. ಅದು ಹೋಗದ ಹಾಗೆ ತಡೆಯುತ್ತದೆ ಅಷ್ಟೇ" ಎಂದ. ಅವಾಹಕ ಎಂಬ ಪದವನ್ನು ನಾನು ಆಮೇಲೆ, ಅವನ ಮಾತಿನ ಪಕ್ಕದಲ್ಲಿ ಬರೆದೆ. ಮೂರು ದಿನ, ನಾಲ್ಕು ಅವಧಿ ಹೋಗಿತ್ತು. ಪಾಠ ಯೋಜನೆಯಲ್ಲಿ ಅದಕ್ಕೆ ಇದ್ದದ್ದು ಅರ್ಧ ಅವಧಿ.

ಪ್ರಯೋಗಾಲಯ ಇಲ್ಲ ಎಂಬುದು ನಮ್ಮವರ ಸಾಮಾನ್ಯ ದೂರು. ನಾನು ಮೊದಲು ಕೆಲಸ ಮಾಡಿದ ಶಾಲೆಯಲ್ಲಿ ಪ್ರಯೋಗಾಲಯ ಇತ್ತು, ಬೀಗವೂ ಇತ್ತು. ಬೀಕರುಗಳು, ಪ್ರನಾಳಗಳು, ಸ್ಪಿರಿಟ್ ದೀಪ, ಮಸೂರಗಳು ಎಲ್ಲವೂ ಬೀರುವಿನಲ್ಲಿ ಹುಲ್ಲಿನ ಮಧ್ಯೆ ಮಲಗಿದ್ದವು. ದಾಸ್ತಾನು ಪುಸ್ತಕದಲ್ಲಿ ಅವುಗಳ ಲೆಕ್ಕ ಇತ್ತು. ಬೀಕರು ಒಡೆದರೆ ಬರೆದುಕೊಡಬೇಕು, ಬರೆದುಕೊಟ್ಟರೆ ವಿವರಣೆ ಕೊಡಬೇಕು, ವರ್ಗಾವಣೆಯಾಗುವಾಗ ಲೆಕ್ಕ ಒಪ್ಪಿಸಿ ಸಹಿ ಹಾಕಿಸಿಕೊಳ್ಳಬೇಕು. ಹಾಗಾಗಿ ಜಾಣರಾದವರು ಯಾರೂ ಬೀರು ತೆರೆಯುತ್ತಿರಲಿಲ್ಲ. ನಾನೂ ಮೂರು ವರ್ಷ ಜಾಣೆಯಾಗಿದ್ದೆ. ಒಂದೂ ಬೀಕರು ಒಡೆಯದ ವಿಜ್ಞಾನ ಶಿಕ್ಷಕಿ ಎಂದು ಅಲ್ಲಿಂದ ಹೊರಡುವಾಗ ಹೊಗಳಿಸಿಕೊಂಡು ಬಂದೆ, ಈಗ ನೆನೆದರೆ ಕೆನ್ನೆ ಬಿಸಿಯಾಗುತ್ತದೆ.

ಆಮ್ಲ ಮತ್ತು ಪ್ರತ್ಯಾಮ್ಲಗಳನ್ನು ಈಗ ನಾನು ಲಿಟ್ಮಸ್ ಕಾಗದದಿಂದ ಶುರುಮಾಡುವುದಿಲ್ಲ. ಆರತಿಯ ನೀರಿನಿಂದ ಶುರುಮಾಡುತ್ತೇನೆ. ಮದುಮಕ್ಕಳಿಗೆ, ಬಾಣಂತಿಗೆ, ಹೊಸ ಮನೆಗೆ ಬಂದವರಿಗೆ ನಿವಾಳಿಸುವ ಆ ಕೆಂಪು ನೀರನ್ನು ಮಾಡಲು ತರಗತಿಯ ಹುಡುಗಿಯರೆಲ್ಲರಿಗೂ ಬರುತ್ತದೆ. ಅರಿಶಿನದ ನೀರಿಗೆ ಎಲೆ ಅಡಿಕೆಯ ಸುಣ್ಣ ಒಂದು ಚಿಟಿಕೆ. ಹಳದಿ ಇದ್ದದ್ದು ರಕ್ತದಂತೆ ಕೆಂಪು. ಇದರಲ್ಲಿ ಅವರಿಗೆ ಯಾವ ಆಶ್ಚರ್ಯವೂ ಇಲ್ಲ, ಆರತಿ ನೀರು ಇರುವುದೇ ಹಾಗೆ. ಅದಕ್ಕೆ ನಾನು ಮುಂದಿನ ಪ್ರಶ್ನೆ ಕೇಳುತ್ತೇನೆ: ಈಗ ನಿಂಬೆಹಣ್ಣು ಹಿಂಡಿದರೆ? ಇನ್ನೂ ಕೆಂಪಾಗುತ್ತದೆ, ಕಪ್ಪಾಗುತ್ತದೆ, ಒಡೆಯುತ್ತದೆ, ಏನೂ ಆಗುವುದಿಲ್ಲ. ಎಲ್ಲ ಊಹೆಗಳೂ ಬರುತ್ತವೆ. ಹಿಂಡುತ್ತೇನೆ. ಕೆಂಪು ಹಿಂದೆ ಸರಿದು ಹಳದಿ ಮತ್ತೆ ಬರುತ್ತದೆ. ಇಷ್ಟು ವರ್ಷ ಮಾಡಿದರೂ ಆ ಗಳಿಗೆಯಲ್ಲಿ ತರಗತಿಯಿಂದ ಏಳುವ ಸದ್ದು ನನಗೆ ಹಳತಾಗಿಲ್ಲ. ಒಮ್ಮೆ ಒಬ್ಬಳು ಗಾಬರಿಯಾದಳು, "ಅಯ್ಯೋ ಮಿಸ್, ಆರತಿ ನೀರನ್ನು ಕೆಡಿಸಿದಿರಿ." ಇನ್ನೊಬ್ಬಳು ತಕ್ಷಣ ಸುಣ್ಣದ ಡಬ್ಬಿ ತೆಗೆದು ಮತ್ತೆ ಕೆಂಪು ಮಾಡಿದಳು. ಆಮೇಲೆ ಸುಣ್ಣ, ನಿಂಬೆ, ಸುಣ್ಣ, ನಿಂಬೆ ಎಂದು ಇಬ್ಬರೂ ಜಗಳಕ್ಕೆ ನಿಂತಂತೆ ಆಡಿದರು. ಎಷ್ಟು ಹನಿಗೆ ಎಷ್ಟು ಸುಣ್ಣ ಎಂಬ ಲೆಕ್ಕ ಅವರಾಗಿಯೇ ಹಿಡಿದರು. ತಟಸ್ಥೀಕರಣ ಎಂದು ನಾನು ಬರೆದಾಗ ಅದು ಅವರಿಗೆ ಆಗಲೇ ಪರಿಚಯವಾಗಿದ್ದವರ ಹೆಸರು ತಿಳಿದಂತೆ ಇತ್ತು. ಊಟದ ಕಲೆ ಬಿದ್ದ ಬಿಳಿ ಸಮವಸ್ತ್ರಕ್ಕೆ ಸಾಬೂನು ಹಚ್ಚಿದರೆ ಯಾಕೆ ಕೆಂಪಾಗುತ್ತದೆ ಎಂದು ಮರುದಿನ ನಾಲ್ವರು ಬಂದು ನನಗೇ ಹೇಳಿದರು.

ಸ್ಮಾರ್ಟ್ ಬೋರ್ಡಿನಲ್ಲೂ ಇದನ್ನು ತೋರಿಸಬಹುದು. ಅದರಲ್ಲಿ ಪ್ರಯೋಗ ಎಂದೂ ಕೈಕೊಡುವುದಿಲ್ಲ, ಅದೇ ಅದರ ದೋಷ. ನಕ್ಷತ್ರಪುಂಜಕ್ಕೆ, ಹೃದಯದ ಕವಾಟಕ್ಕೆ ನಾನು ಅದನ್ನು ಸಂತೋಷದಿಂದ ಬಳಸುತ್ತೇನೆ. ನಿಂಬೆಹಣ್ಣಿಗೆ ಬೇಡ.

ಇನ್ನು ಪರೀಕ್ಷೆ. ಹತ್ತನೆಯ ತರಗತಿಯವರಿಗೆ ಎಂಬತ್ತು ಅಂಕದ ಪತ್ರಿಕೆ, ಅದಕ್ಕೊಂದು ನೀಲನಕ್ಷೆ. ಜನವರಿಯ ಹೊತ್ತಿಗೆ ಪಾಠ ಮುಗಿದು ಪುನರಾವರ್ತನೆ ನಡೆಯುತ್ತಿರಬೇಕು. ಕಷ್ಟದಲ್ಲಿರುವ ಮಕ್ಕಳಿಗೆ ಪಾಸಿಂಗ್ ಪ್ಯಾಕೇಜ್ ಮಾಡಿಸಬೇಕು, ಸಂಜೆ ವಿಶೇಷ ತರಗತಿ ತೆಗೆದುಕೊಳ್ಳಬೇಕು. ನಾನೂ ಮಾಡುತ್ತೇನೆ. ಕಣ್ಣಿನ ಚಿತ್ರ, ನರಕೋಶದ ಚಿತ್ರವನ್ನು ಇಪ್ಪತ್ತು ಸಲ ಬರೆಸುತ್ತೇನೆ, ಏಕೆಂದರೆ ಆ ಅಂಕಗಳು ಒಬ್ಬಳನ್ನು ಪಿಯುಸಿಗೆ ಕಳಿಸುತ್ತವೆ, ಇಲ್ಲದಿದ್ದರೆ ಅವಳ ಮದುವೆಯ ಮಾತು ಎತ್ತುತ್ತಾರೆ. ಈ ವಿಷಯದಲ್ಲಿ ಬೆಂಗಳೂರಿನಲ್ಲಿ ಕುಳಿತು ಉರು ಹೊಡೆಸುವುದನ್ನು ಬಯ್ಯುವವರ ಜೊತೆ ನನಗೆ ಮಾತಿಲ್ಲ. ಹಾಗಾಗಿ ನನ್ನ ಊಹೆ ಪುಸ್ತಕ ಎಂಟು, ಒಂಬತ್ತನೆಯ ತರಗತಿಗಳಲ್ಲಿ ಓಡುತ್ತದೆ, ಹತ್ತರಲ್ಲಿ ದಸರೆಯವರೆಗೆ ನಡೆಯುತ್ತದೆ, ಆಮೇಲೆ ಕುಂಟುತ್ತದೆ.

ಬೇರೆ ರೀತಿ ಮಾಡಲು ಸಾಧ್ಯವೇ ಇಲ್ಲ ಎಂದೇನಲ್ಲ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ ಹದಿನಾರು ಹಳ್ಳಿ ಶಾಲೆಗಳಲ್ಲಿ ಮಕ್ಕಳೇ ಪ್ರಯೋಗ ಮಾಡಿ ಉತ್ತರ ಕಂಡುಕೊಳ್ಳುವ ಪಾಠಕ್ರಮ ಆರಂಭವಾಯಿತು. ಮುಂದೆ ನೂರಾರು ಸರ್ಕಾರಿ ಶಾಲೆಗಳಿಗೆ ಹಬ್ಬಿತು. ಅಲ್ಲಿ ಪರೀಕ್ಷೆಯಲ್ಲಿ ಪುಸ್ತಕ ತೆರೆದು ನೋಡಬಹುದಿತ್ತು, ಪ್ರಯೋಗ ಮಾಡಿ ಉತ್ತರಿಸುವ ಪರೀಕ್ಷೆಯೂ ಇತ್ತು. ಅಂದರೆ ಅವರು ಪಾಠದ ಜೊತೆಗೆ ಪರೀಕ್ಷೆಯನ್ನೂ ಬದಲಿಸಿದರು, ನನಗೆ ಹೊಟ್ಟೆಕಿಚ್ಚು ಅದರ ಬಗ್ಗೆಯೇ. ಮೂವತ್ತು ವರ್ಷ ನಡೆದದ್ದನ್ನು 2002ರಲ್ಲಿ ಅಲ್ಲಿನ ಸರ್ಕಾರ ನಿಲ್ಲಿಸಿತು.

ನೆರಳಿನ ಕಥೆ ಹೇಳದಿದ್ದರೆ ಇದನ್ನು ಬರೆಯಲು ಕೂತದ್ದೇ ದಂಡ.

"ಮಧ್ಯಾಹ್ನ ಹನ್ನೆರಡಕ್ಕೆ ಸೂರ್ಯ ನೆತ್ತಿಯ ಮೇಲೆ ಇರುತ್ತಾನೆ" ಎಂಬ ವಾಕ್ಯವನ್ನು ಒಂಬತ್ತನೆಯ ತರಗತಿಯ ಊಹೆ ಪುಸ್ತಕದಲ್ಲಿ ಎಲ್ಲರೂ ಬರೆದಿದ್ದರು. ಶಾಲೆಯ ಬಯಲು ರಂಗಮಂದಿರದ ಸಿಮೆಂಟ್ ನೆಲದ ಮೇಲೆ ಒಂದು ಮೀಟರ್ ಎತ್ತರದ ಕಬ್ಬಿಣದ ಸರಳನ್ನು ನೆಟ್ಟಗೆ ನಿಲ್ಲಿಸಿದೆವು. ಹಳೆಯ ಎಣ್ಣೆ ಡಬ್ಬಕ್ಕೆ ಸಿಮೆಂಟ್ ತುಂಬಿ ಸರಳು ನೆಟ್ಟುಕೊಟ್ಟವರು ಒಬ್ಬ ಹುಡುಗಿಯ ಅಪ್ಪ, ಗಾರೆ ಕೆಲಸದವರು. ಗೋಡೆ ನೇರವಿದೆಯೇ ಎಂದು ನೋಡುವ ದಾರದ ಗುಂಡನ್ನು ಇಳಿಬಿಟ್ಟು ಅವರೇ ಸರಿಮಾಡಿದರು. ಜೂನ್ ತಿಂಗಳಿಂದ ಪ್ರತಿದಿನ ಹನ್ನೆರಡರಿಂದ ಹನ್ನೆರಡೂ ಮುಕ್ಕಾಲರವರೆಗೆ ಇಬ್ಬಿಬ್ಬರು ಹೋಗಿ ಅತಿ ಚಿಕ್ಕ ನೆರಳು ಎಷ್ಟು, ಎಷ್ಟು ಗಂಟೆಗೆ ಎಂದು ಬರೆದುಕೊಂಡು ಬರಬೇಕು. ಅದು ಗಣಿತದ ಅವಧಿ. ಗಣಿತದ ಮೇಷ್ಟರು ಮೊದಲ ವಾರ ನನ್ನೊಂದಿಗೆ ಸರಿಯಾಗಿ ಮಾತಾಡಲಿಲ್ಲ.

ಜೂನ್ 21ರಂದು ನೆರಳು ಹದಿನಾರೂವರೆ ಸೆಂಟಿಮೀಟರಿಗಿಂತ ತುಸು ಹೆಚ್ಚಿತ್ತು. ಸೂರ್ಯ ನೆತ್ತಿಯ ಮೇಲಿಲ್ಲ ಎಂಬುದು ಒಂದು ಪೆಟ್ಟಾದರೆ, ನೆರಳು ದಕ್ಷಿಣಕ್ಕೆ ಬಿದ್ದದ್ದು ಇನ್ನೊಂದು. ಸೂರ್ಯ ಉತ್ತರದಲ್ಲಿದ್ದಾನೆ! ದಿಕ್ಸೂಚಿ ಕೆಟ್ಟಿದೆ ಎಂದು ಮೂರು ದಿನ ವಾದ ನಡೆಯಿತು. ಊರ ಗುಡಿಯ ಬಾಗಿಲು ಪೂರ್ವಕ್ಕಿದೆ ಎಂಬುದನ್ನು ಆಧಾರವಾಗಿಟ್ಟುಕೊಂಡು ಕೊನೆಗೆ ದಿಕ್ಸೂಚಿಯನ್ನು ಖುಲಾಸೆ ಮಾಡಿದರು. ಇನ್ನು ವೇಳೆ. ಅತಿ ಚಿಕ್ಕ ನೆರಳು ಹನ್ನೆರಡಕ್ಕೆ ಎಂದೂ ಬೀಳಲಿಲ್ಲ. ಹನ್ನೆರಡು ಇಪ್ಪತ್ತೈದು, ಜುಲೈನಲ್ಲಿ ಅರ್ಧ ಗಂಟೆಯ ಹತ್ತಿರ. ನಮ್ಮ ಗಡಿಯಾರ ನಡೆಯುವುದು ಎಂಬತ್ತೆರಡೂವರೆ ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ನಮ್ಮ ಹಿರಿಯೂರು ಅಲ್ಲಿಂದ ಆರು ಡಿಗ್ರಿಯಷ್ಟು ಪಶ್ಚಿಮಕ್ಕಿದೆ, ಡಿಗ್ರಿಗೆ ನಾಲ್ಕು ನಿಮಿಷ. ಉಳಿದ ಒಂದೆರಡು, ಐದಾರು ನಿಮಿಷಗಳ ಏರಿಳಿತ ಭೂಮಿಯ ಕಕ್ಷೆಯ ಆಕಾರದಿಂದ ಮತ್ತು ಅದರ ಅಕ್ಷದ ಓರೆಯಿಂದ ಬರುತ್ತದೆ.

ಜುಲೈ 18ರಂದು ದಿನವಿಡೀ ದಟ್ಟ ಮೋಡ. ನಮ್ಮದು ಮಳೆನೆರಳಿನ ಸೀಮೆ. ಮೋಡ ಬರುತ್ತದೆ, ಹಾದುಹೋಗುತ್ತದೆ. 1933ರಲ್ಲಿ ಕೋಡಿ ಬಿದ್ದ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ ಎಂದರೆ ಮಿಕ್ಕದ್ದನ್ನು ನೀವೇ ತಿಳಿದುಕೊಳ್ಳಿ. ಆ ದಿನದ ಸಾಲಿನಲ್ಲಿ ಮಾತ್ರ ನೆರಳು 12.4 ಸೆಂಟಿಮೀಟರ್ ಎಂದು ಬರೆದಿತ್ತು. ಬರೆದ ಹುಡುಗನನ್ನು ಕರೆದೆ. ತಲೆ ತಗ್ಗಿಸಿ ಹೇಳಿದ, "ನಿನ್ನೆ 12.7 ಇತ್ತು, ಇವತ್ತು 12 ಬಂತು. ನಡುವೆ ಇಷ್ಟಿರಬೇಕು ಅಂತ ಹಾಕಿದೆ ಮಿಸ್."

ಬಯ್ಯಬೇಕೆಂದು ಕರೆದವಳು ಸುಮ್ಮನಾದೆ. ಲೆಕ್ಕ ಸರಿಯಾಗಿಯೇ ಇತ್ತು. ಪಕ್ಕದಲ್ಲಿದ್ದ ಗಣಿತದ ಮೇಷ್ಟರಂತೂ "ಭೇಷ್" ಎಂದುಬಿಟ್ಟರು. ಮೂವತ್ತನಾಲ್ಕು ಪುಸ್ತಕಗಳ ಆ ಒಂದೇ ವಾಕ್ಯ ನನಗೆ ನೆನಪಾಯಿತು. ಕೋಷ್ಟಕಕ್ಕೆ ಇನ್ನೊಂದು ಕಂಬ ಎಳೆಸಿದೆ. ಅಳತೆಯ ಕಂಬದಲ್ಲಿ "ಮೋಡ", ಲೆಕ್ಕದ ಕಂಬದಲ್ಲಿ 12.4. "ಎರಡೂ ಇರಲಿ, ಬೆರೆಸಬೇಡ" ಎಂದೆ. ಅವನಿಗೆ ಇದರಲ್ಲಿ ಏನು ವ್ಯತ್ಯಾಸ ಎಂದು ಆಗ ಅರ್ಥವಾದಂತೆ ಕಾಣಲಿಲ್ಲ.

ಆಗಸ್ಟ್ ಒಂದರ ಹೊತ್ತಿಗೆ ನೆರಳು ಏಳು ಸೆಂಟಿಮೀಟರಿಗೆ ಇಳಿದಿತ್ತು. ಮೇಷ್ಟರು ಈಗ ನಮ್ಮ ಪಕ್ಷ. ನೆರಳಿನ ಉದ್ದದಿಂದ ಕೋನ ತೆಗೆಯುವುದನ್ನು ಹತ್ತನೆಯ ತರಗತಿಯವರಿಗೆ ತ್ರಿಕೋನಮಿತಿಯ ಲೆಕ್ಕವಾಗಿ ಕೊಟ್ಟರು. ಗ್ರಾಫನ್ನು ಮುಂದಕ್ಕೆ ಎಳೆದರೆ ಗೆರೆ ಸೊನ್ನೆಯನ್ನು ಮುಟ್ಟುವುದು ಆಗಸ್ಟ್ 15ಕ್ಕೆ. ಕರ್ಕಾಟಕ ಮತ್ತು ಮಕರ ವೃತ್ತಗಳ ನಡುವಿನ ಪ್ರತಿ ಊರಿಗೂ ವರ್ಷಕ್ಕೆ ಎರಡು ಸಲ ನೆರಳಿಲ್ಲದ ಮಧ್ಯಾಹ್ನ ಬರುತ್ತದೆ. ಬೆಂಗಳೂರಿಗೆ ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ಕ್ಕೆ. ನಮ್ಮ ಏಪ್ರಿಲ್ ಸರದಿ ಬೇಸಿಗೆ ರಜೆಯಲ್ಲಿ ಕಳೆದುಹೋಗುತ್ತದೆ. ಆಗಸ್ಟಿನದ್ದು ಸ್ವಾತಂತ್ರ್ಯ ದಿನಕ್ಕೇ ಬಂದು ನಿಂತದ್ದನ್ನು ಮಕ್ಕಳು ತಾವೇ ಕಂಡುಹಿಡಿದ ರಹಸ್ಯದಂತೆ ಊರೆಲ್ಲ ಸಾರಿದರು.

ಧ್ವಜ ಏರಿಸಿದ್ದಾಯಿತು, ಭಾಷಣಗಳಾದವು, ಸಿಹಿ ಹಂಚಿದ್ದಾಯಿತು. ಸಾಮಾನ್ಯವಾಗಿ ಹತ್ತೂವರೆಗೆ ಖಾಲಿಯಾಗುವ ಶಾಲೆಯಲ್ಲಿ ಹನ್ನೆರಡಕ್ಕೆ ನೂರು ಜನ ಇದ್ದರು. ಅಡುಗೆಯ ಅಕ್ಕಂದಿರು, ಗಾರೆಯವರು, ಇಬ್ಬರು ಪಂಚಾಯಿತಿ ಸದಸ್ಯರು, ಮುಖ್ಯೋಪಾಧ್ಯಾಯರು. ಸರಳಿನ ಸುತ್ತ ಸುಣ್ಣದ ಗೆರೆ, ಪೂರ್ವ ಪಶ್ಚಿಮಕ್ಕೊಂದು, ಉತ್ತರ ದಕ್ಷಿಣಕ್ಕೊಂದು. ಹನ್ನೆರಡು ಹದಿನೈದಕ್ಕೆ ನೆರಳು ಗೇಣಿಗಿಂತ ಚಿಕ್ಕದಾಗಿ ಪಶ್ಚಿಮದ ಗೆರೆಯ ಮೇಲೆ ಮಲಗಿತ್ತು. ಇಪ್ಪತ್ತಕ್ಕೆ ಇನ್ನೂ ಚಿಕ್ಕದಾಯಿತು. ಇಪ್ಪತ್ತನಾಲ್ಕಕ್ಕೆ ನೆಲದ ಬಣ್ಣವೇ ಬದಲಾಯಿತು. ತಲೆ ಎತ್ತಿದರೆ ಬೂದು ಬಣ್ಣದ ದೊಡ್ಡ ಮೋಡ.

ಇಪ್ಪತ್ತೈದು. ಇಪ್ಪತ್ತಾರು. ಒಬ್ಬ ಹುಡುಗ ಮೋಡಕ್ಕೆ ಕೈಮುಗಿದ. ನೆರಳು ಸೊನ್ನೆಯಾಗಬೇಕೆಂದು ನಾವು ಲೆಕ್ಕ ಹಾಕಿದ್ದ ಇಪ್ಪತ್ತೆಂಟು ಬಂತು, ಹೋಯಿತು. ಪಂಚಾಯಿತಿ ಸದಸ್ಯರು ಗಡಿಯಾರ ನೋಡಿ ನಕ್ಕು ಮೋಟಾರ್ ಸೈಕಲ್ ಹತ್ತಿದರು. ನನಗೆ ಅಳು ಬರುವುದೊಂದು ಬಾಕಿ.

ಮೂವತ್ತಾರಕ್ಕೆ ಬಿಸಿಲು ಬಂತು. ನೆರಳು ಪೂರ್ವದ ಗೆರೆಯ ಮೇಲಿತ್ತು. ಅಳತೆ ಮೂರೂವರೆ ಸೆಂಟಿಮೀಟರಿಗೆ ಒಂದು ಮಿಲಿಮೀಟರ್ ಕಡಿಮೆ. ಎಲ್ಲರೂ ಚದುರತೊಡಗಿದ್ದರು, ಗಾರೆಯವರ ಮಗಳು ಮಾತ್ರ ಕುಕ್ಕರಗಾಲಿನಲ್ಲಿ ಕುಳಿತು ಗೆರೆಯನ್ನೇ ನೋಡುತ್ತಿದ್ದಳು. "ಮಿಸ್, ಉತ್ತರಕ್ಕೂ ಹೋಗಿಲ್ಲ, ದಕ್ಷಿಣಕ್ಕೂ ಹೋಗಿಲ್ಲ. ಆಗ ಪಶ್ಚಿಮದ ಗೆರೆಯ ಮೇಲಿತ್ತು, ಈಗ ಪೂರ್ವದ ಗೆರೆಯ ಮೇಲಿದೆ. ಹಾಗಾದರೆ ನಡುವೆ ಸರಳನ್ನು ದಾಟಿಯೇ ಬಂದಿರಬೇಕಲ್ಲ?"

ಮೇಷ್ಟರು ಚಾಕ್‌ಪೀಸ್ ಕೇಳಿದರು. ಎಂಟು ನಿಮಿಷ, ನಾಲ್ಕು ನಿಮಿಷಕ್ಕೊಂದು ಡಿಗ್ರಿ, ಎರಡು ಡಿಗ್ರಿ. ಎರಡು ಡಿಗ್ರಿಯ ಟ್ಯಾನ್ 0.035. ಒಂದು ಮೀಟರ್ ಸರಳಿಗೆ ಮೂರೂವರೆ ಸೆಂಟಿಮೀಟರ್. ರಂಗಮಂದಿರದ ನೆಲದ ಮೇಲೆ ಬರೆದು, ಎದ್ದು ನಿಂತು, ಕೈಯ ಸುಣ್ಣವನ್ನು ಹೊಸ ಪಂಚೆಗೇ ಒರೆಸಿಕೊಂಡರು.

ಆಫೀಸಿನಿಂದ ಮುಖ್ಯೋಪಾಧ್ಯಾಯರು ಕೂಗಿ ಕೇಳಿದರು, "ಏನಾಯಿತು, ನೆರಳು ಹೋಯಿತಾ?"

"ಹೋಗಿತ್ತು ಸಾರ್. ನಾವು ನೋಡಲಿಲ್ಲ" ಎಂದಳು ಅವಳು.

ಕೋಷ್ಟಕ ಬರೆಯುವ ಸರದಿ ಆ ದಿನ ಜುಲೈ 18ರ ಹುಡುಗನದ್ದು. ನಾನು ಏನೂ ಹೇಳಲಿಲ್ಲ. ಪುಸ್ತಕವನ್ನು ಮೊಣಕಾಲಿನ ಮೇಲಿಟ್ಟುಕೊಂಡು ತಾರೀಕು ಹಾಕಿದ, ವೇಳೆ 12.28 ಎಂದು ಬರೆದ. ಅಳತೆಯ ಕಂಬಕ್ಕೆ ಬಂದಾಗ ಒಮ್ಮೆ ಆಕಾಶ ನೋಡಿ "ಮೋಡ" ಎಂದು ಬರೆದ. ಪಕ್ಕದ ಕಂಬದಲ್ಲಿ ಸೊನ್ನೆ ಹಾಕಿದ. ಕೆಳಗಿನ ಸಾಲಿನಲ್ಲಿ 12.36, 3.4, ಪೂರ್ವ. ಆಮೇಲೆ ಜೇಬಿನಲ್ಲಿ ಉಳಿಸಿಕೊಂಡಿದ್ದ ಲಾಡು ತೆಗೆದು ತಿನ್ನುತ್ತಾ ಮನೆಗೆ ಹೋದ.